ಎಳೆದರೆ ಬರಬೇಕು, ತಳ್ಳಿದರೆ ಹೋಗಬೇಕು

ಸಿಂಧನೂರಿನ ಅಕ್ಕಿ ಗಿರಣಿಗೆ ಹೊಸ ಪ್ಯಾನೆಲ್ ಬಂದ ದಿನ ಬಾಗಿಲು ತೆಗೆದು ಒಳಗಿನ ವೈರಿಂಗ್ ತೋರಿಸುವುದು ವಾಡಿಕೆ. ಕೆಂಪು, ಹಳದಿ, ನೀಲಿ ವೈರುಗಳು ಗೆರೆ ಎಳೆದಷ್ಟು ನೇರ. ಪ್ರತಿಯೊಂದಕ್ಕೂ ನಂಬರು, ಗೇಣಿಗೊಂದು ನೈಲಾನ್ ಟೈ. ಮಾಲೀಕರು ತಲೆದೂಗುತ್ತಾರೆ, ಬಿಲ್ ಪಾಸಾಗುತ್ತದೆ. ಆದರೆ ಆಗ ಪ್ಯಾನೆಲ್ಲಿನ ಡ್ರಾಯರ್‌ಗಳೆಲ್ಲ ಒಳಗೇ ಇರುತ್ತವೆ. ಹಿಡಿಕೆ ಹಿಡಿದು ಒಂದನ್ನು ಪೂರ್ತಿ ಹೊರಗೆಳೆದಾಗ ಆ ನೇರ ವೈರುಗಳ ಗತಿ ಏನು ಎಂದು ಯಾರೂ ಕೇಳುವುದಿಲ್ಲ. ನಮ್ಮ ಭಾಗದಲ್ಲಿ ಕೇಬಲ್ ಕೆಲಸವನ್ನು ಅಳೆಯುವ ರೀತಿಯೇ ತಪ್ಪಿದೆ ಎಂಬುದು ನನ್ನ ಆಕ್ಷೇಪ. ನಿಂತ ಕೇಬಲ್ಲಿಗೆ ಹಾಕುವ ಮಾನದಂಡವನ್ನೇ ಚಲಿಸುವ ಕೇಬಲ್ಲಿಗೂ ಹಾಕುತ್ತಿದ್ದೇವೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಭತ್ತದ ಊರಾಯಿತು. ಇಂದಿನ ಗಿರಣಿಯಲ್ಲಿ ಎಲಿವೇಟರ್, ಹೊಟ್ಟು ಬಿಡಿಸುವ ಯಂತ್ರ, ಪಾಲಿಶರ್, ಡ್ರೈಯರ್‌ನ ಬ್ಲೋಯರ್ ಎಂದು ಹತ್ತಾರು ಮೋಟಾರುಗಳು. ದೊಡ್ಡ ಗಿರಣಿಗಳು ಡ್ರಾಯರ್ ಮಾದರಿಯ ಪ್ಯಾನೆಲ್ ಹಾಕಿಸಿಕೊಳ್ಳುತ್ತವೆ. ಅದರಲ್ಲಿ ಒಂದೊಂದು ಮೋಟಾರಿಗೂ ಸ್ವಿಚ್ಚು, ಕಾಂಟ್ಯಾಕ್ಟರ್, ಓವರ್‌ಲೋಡ್ ರಿಲೇ ಸೇರಿ ಒಂದು ಡ್ರಾಯರ್. ಒಳಗೆ ತಳ್ಳಿದಾಗ ಬೆನ್ನಿನ ಹಲ್ಲುಗಳು ಬಸ್‌ಬಾರನ್ನು ಕಚ್ಚಿಕೊಳ್ಳುತ್ತವೆ. ಸ್ವಲ್ಪ ಎಳೆದರೆ ಟೆಸ್ಟ್ ಸ್ಥಾನ: ಪವರ್ ಬಿಟ್ಟಿರುತ್ತದೆ, ಕಂಟ್ರೋಲ್ ಸರ್ಕ್ಯೂಟ್ ಮಾತ್ರ ಜೀವಂತ. ಇನ್ನೂ ಎಳೆದರೆ ಎಲ್ಲವೂ ಬಿಟ್ಟು ಡ್ರಾಯರ್ ಕೈಗೆ ಬರುತ್ತದೆ. ಹಂಗಾಮಿನಲ್ಲಿ ಒಂದು ಕಾಂಟ್ಯಾಕ್ಟರ್ ಸುಟ್ಟರೆ ಇಡೀ ಗಿರಣಿ ನಿಲ್ಲಿಸದೆ ಆ ಡ್ರಾಯರ್ ತೆಗೆದು ಬೇರೆಯದನ್ನು ತಳ್ಳಿದರಾಯಿತು. ಈ ಸೌಕರ್ಯಕ್ಕಾಗಿಯೇ ಮಾಲೀಕ ಹೆಚ್ಚು ದುಡ್ಡು ಕೊಟ್ಟಿರುತ್ತಾನೆ.

ಪೂರ್ಣ ಡ್ರಾ-ಔಟ್ ಪ್ಯಾನೆಲಿನಲ್ಲಿ ಪವರ್ ಮತ್ತು ಕಂಟ್ರೋಲ್ ಎರಡೂ ತಾವಾಗಿಯೇ ಬಿಡುತ್ತವೆ, ತಾವಾಗಿಯೇ ಕೂಡುತ್ತವೆ. ಬೆಲೆ ಇಳಿಸಿದ ಅರೆ ಡ್ರಾ-ಔಟ್‌ನಲ್ಲಿ ಕಂಟ್ರೋಲ್ ವೈರುಗಳನ್ನು ಕೈಯಿಂದ ಬಿಡಿಸುವ ಪ್ಲಗ್ಗಿಗೆ ತರುತ್ತಾರೆ. ಆ ಪ್ಲಗ್ಗಿನ ಹಿಂದೆ ಡ್ರಾಯರ್ ಜೊತೆ ಓಡಾಡುವ ಒಂದು ಮೊಳ ವೈರು ಇರುತ್ತದಲ್ಲ, ಪ್ಯಾನೆಲ್ಲಿನ ಯೋಗ್ಯತೆ ಗೊತ್ತಾಗುವುದು ಅಲ್ಲಿಯೇ.

ಆ ಒಂದು ಮೊಳದಲ್ಲಿ ಮೂರು ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ. ಮೊದಲನೆಯದು ವೈರಿನ ಆಯ್ಕೆ. ಗೋಡೆಗೋ ಟ್ರೇಗೋ ಹಾಕುವ, ಏಳು ದಪ್ಪ ಎಳೆಯ ಬಿಗಿ ವೈರನ್ನೇ ಡ್ರಾಯರಿಗೂ ಹಾಕಿರುತ್ತಾರೆ. 2.5 ಚದರ ಮಿ.ಮೀ. ವೈರನ್ನು 0.3 ಮಿ.ಮೀ. ದಪ್ಪದ 36 ಎಳೆಗಳಿಂದಲೂ ಹೊಸೆಯಬಹುದು. ಅಂಥ ಮೆದು ವೈರು ಬಾಗುವುದಕ್ಕೆಂದೇ ಹುಟ್ಟಿದ್ದು. ತಾಮ್ರವನ್ನು ಒಂದೇ ಜಾಗದಲ್ಲಿ ಬಗ್ಗಿಸುತ್ತಾ ಹೋದರೆ ಗಡುಸಾಗುತ್ತದೆ, ಆಮೇಲೆ ಎಳೆ ಎಳೆಯಾಗಿ ತುಂಡಾಗುತ್ತದೆ. ಹೊರಗಿನ ಪಿವಿಸಿ ಮಾತ್ರ ಹಾಗೇ ಇರುವುದರಿಂದ ಕಣ್ಣಿಗೆ ಏನೂ ಕಾಣದು. ಕಾಂಟ್ಯಾಕ್ಟರ್ ಒಮ್ಮೆ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ. ಎಲೆಕ್ಟ್ರಿಷಿಯನ್ ರಿಲೇ ಬದಲಿಸುತ್ತಾನೆ, ಕಾಯಿಲ್ ಬದಲಿಸುತ್ತಾನೆ. ದೋಷ ಟೈ ಬಿಗಿದ ಜಾಗದ ಒಳಗೇ ಕುಳಿತಿರುತ್ತದೆ.

ಎರಡನೆಯದು ಉದ್ದ. ಡ್ರಾಯರ್ ಒಳಗಿದ್ದಾಗ ಅಂದವಾಗಿ ಕಾಣಲೆಂದು ವೈರನ್ನು ಅಳೆದು ಕತ್ತರಿಸುತ್ತಾರೆ. ಟೆಸ್ಟ್ ಸ್ಥಾನಕ್ಕೆ ಎಳೆದಾಗ ಅದು ತಂತಿಯಂತೆ ಬಿಗಿಯುತ್ತದೆ, ಭಾರವೆಲ್ಲ ಪ್ಲಗ್ಗಿನ ಪಿನ್ನುಗಳ ಮೇಲೆ. ಇದನ್ನು ಕಂಡವರು ಬೇಕಾಬಿಟ್ಟಿ ಉದ್ದ ಬಿಟ್ಟು ಒಳಗೆ ತುರುಕುವುದೂ ಉಂಟು. ಆಗ ವೈರು ಡ್ರಾಯರಿನ ಹಳಿಗೆ ಸಿಕ್ಕಿ ಸಿಪ್ಪೆ ಸುಲಿಯುತ್ತದೆ. ಹೆಚ್ಚುವರಿ ಉದ್ದ ಎಷ್ಟು, ಅದು ಯಾವ ಕಡೆಗೆ ಮಡಚಿಕೊಳ್ಳಬೇಕು ಎಂಬುದನ್ನು ನಕ್ಷೆ ಬರೆಯುವಾಗಲೇ ಗೊತ್ತು ಮಾಡಬೇಕು. ಪದೇ ಪದೇ ಚಲಿಸುವ ಕೇಬಲ್ಲಿಗೆ ಅದರ ಹೊರ ವ್ಯಾಸದ ಹತ್ತರಷ್ಟು ಬಾಗು ತ್ರಿಜ್ಯ ಬಿಡುವುದು ಕ್ಷೇಮ. 12 ಮಿ.ಮೀ. ದಪ್ಪದ ಕಂಟ್ರೋಲ್ ಕೇಬಲ್ಲಿಗೆ 120 ಮಿ.ಮೀ. ತ್ರಿಜ್ಯವಾಯಿತು, ಅಂದರೆ ಸುರುಳಿಗೆ 240 ಮಿ.ಮೀ. ಅಗಲ ಬೇಕು. 200 ಮಿ.ಮೀ. ಎತ್ತರದ ಡ್ರಾಯರಿನ ಹಿಂದೆ ಅದನ್ನು ನಿಲ್ಲಿಸಿದರೆ ಹಿಡಿಸದು. ಅಡ್ಡ ಮಲಗಿಸಬೇಕು, ಇಲ್ಲವೇ ತೆಳುವಾದ ಎರಡು ಕೇಬಲ್ಲಾಗಿ ಒಡೆಯಬೇಕು. ಈ ಸಣ್ಣ ಲೆಕ್ಕವನ್ನು ಪೇಪರಿನ ಮೇಲೆ ಮಾಡಿದ ಪ್ಯಾನೆಲನ್ನು ಎಳೆದ ತಕ್ಷಣ ಕೈಯೇ ಗುರುತಿಸುತ್ತದೆ.

ಮೂರನೆಯದು ಟೈ. ಭತ್ತದ ಸಿವುಡು ಕಟ್ಟಿದಂತೆ ಬಿಗಿಯಾಗಿ ಕಟ್ಟುವುದೇ ಕೆಲಸಗಾರಿಕೆ ಎಂದು ನಮ್ಮ ಹುಡುಗರಿಗೆ ಕಲಿಸಿಬಿಟ್ಟಿದ್ದೇವೆ. ನಿಂತ ಕೇಬಲ್ಲಿಗೆ ಅದು ಸರಿ. ಚಲಿಸುವ ಕಟ್ಟಿನಲ್ಲಿ ವೈರುಗಳು ಒಂದರ ಮೇಲೊಂದು ಜಾರಬೇಕು. ಬಿಗಿದರೆ ಹೊರಸುತ್ತಿನ ವೈರು ಹಿಗ್ಗುತ್ತದೆ, ಒಳಸುತ್ತಿನದು ನುಗ್ಗಾಗುತ್ತದೆ. ಸ್ಥಿರ ಭಾಗದ ಕೊನೆಯಲ್ಲಿ ಒಂದು ಕ್ಲ್ಯಾಂಪ್, ಡ್ರಾಯರಿನ ಮೇಲೆ ಒಂದು ಕ್ಲ್ಯಾಂಪ್, ನಡುವೆ ಸಡಿಲ ಸುರುಳಿ ಹೊದಿಕೆ, ಇಷ್ಟೇ ಸಾಕು. ನೈಲಾನ್ ಟೈಯನ್ನು ಕಟ್ಟರ್‌ನಿಂದ ಓರೆಯಾಗಿ ಕತ್ತರಿಸಿದಾಗ ಉಳಿಯುವ ಚೂಪು ತುದಿ ಕೈ ಕೊಯ್ಯುವಂತೆಯೇ ವೈರನ್ನೂ ಕೊಯ್ಯುತ್ತದೆ.

ನಮ್ಮ ಸೀಮೆಯ ಬಿಸಿಲು ಇದಕ್ಕೆ ಇನ್ನೊಂದು ಲೆಕ್ಕ ಸೇರಿಸುತ್ತದೆ. ಗಾಳಿಯಲ್ಲಿ ಹಾಕಿದ ಕೇಬಲ್ ಎಷ್ಟು ಕರೆಂಟ್ ಹೊರಬಲ್ಲದು ಎಂಬ ಭಾರತೀಯ ಕೋಷ್ಟಕಗಳು ಸುತ್ತಲಿನ ಉಷ್ಣತೆ 40 ಡಿಗ್ರಿ ಎಂದು ಹಿಡಿದು ಮಾಡಿದವು. ರಾಯಚೂರು ಜಿಲ್ಲೆಯಲ್ಲಿ ಬೇಸಿಗೆಯ ಮಧ್ಯಾಹ್ನ ಹೊರಗೇ 40 ದಾಟುತ್ತದೆ. ಮುಚ್ಚಿದ ಪ್ಯಾನೆಲಿನೊಳಗೆ 50 ಎಂದು ಹಿಡಿದರೆ, 70 ಡಿಗ್ರಿ ತಡೆಯುವ ಪಿವಿಸಿ ವೈರಿನ ಸಾಮರ್ಥ್ಯ ಕೋಷ್ಟಕದ ಶೇ 82ಕ್ಕೆ ಇಳಿಯುತ್ತದೆ. 90 ಡಿಗ್ರಿಯ ಎಕ್ಸ್‌ಎಲ್‌ಪಿಇ ಆದರೆ ಶೇ 89. ಒಟ್ಟಾಗಿ ಬಿಗಿದ ಕಟ್ಟಿನಲ್ಲಿ ಇನ್ನೂ ಇಳಿಯುತ್ತದೆ. ಬೇಸಿಗೆ ಬೆಳೆಯ ಭತ್ತ ಗಿರಣಿಗೆ ಬರುವುದು ಇದೇ ಬಿಸಿಲಿನಲ್ಲಿ, ಮೋಟಾರುಗಳು ಪೂರ್ತಿ ಲೋಡಿನಲ್ಲಿ ಓಡುವಾಗ. ಜೊತೆಗೆ ತೌಡಿನ ಧೂಳು, ಇಲಿ. ಕೇಬಲ್ ಒಳಬರುವ ಗ್ಲ್ಯಾಂಡ್ ರಂಧ್ರಗಳಲ್ಲಿ ಬಳಸದ್ದನ್ನು ಮುಚ್ಚದೆ ಬಿಟ್ಟರೆ ಇಲಿ ಒಳಹೊಕ್ಕು ಸಡಿಲ ಸುರುಳಿಯಲ್ಲಿಯೇ ಹಲ್ಲು ಆಡಿಸುತ್ತದೆ. ಮುಚ್ಚುಬಿರಡೆ ಇಲ್ಲದ ಗ್ಲ್ಯಾಂಡ್ ಪ್ಲೇಟನ್ನು ನಾನು ಯಾವ ಗಿರಣಿಯಲ್ಲಿ ಕಂಡರೂ ಉಳಿದ ವೈರಿಂಗ್ ಎಷ್ಟೇ ಚೆನ್ನಾಗಿರಲಿ, ಒಪ್ಪಲಾರೆ.

ಇದೇ ಕೆಲಸವನ್ನು ವಿಚಾರ ಮಾಡಿ ಮಾಡಿದ ಮಾದರಿ ನಮ್ಮ ಕಣ್ಣೆದುರಿಗೇ ಇದೆ. ಜನ ಇನ್ನೂ ಕೆಇಬಿ ಎಂದೇ ಕರೆಯುವ ವಿದ್ಯುತ್ ಸಬ್‌ಸ್ಟೇಷನ್‌ಗಳಲ್ಲಿ 11 ಕೆ.ವಿ. ಒಳಾಂಗಣ ಪ್ಯಾನೆಲ್ ಇದ್ದರೆ ಅದರ ವ್ಯಾಕ್ಯೂಮ್ ಬ್ರೇಕರ್ ಗಾಲಿಗಳ ಟ್ರಾಲಿಯ ಮೇಲೆ ಕುಳಿತಿರುತ್ತದೆ. ಟ್ರಾಲಿ ಮತ್ತು ಪ್ಯಾನೆಲ್ಲಿನ ನಡುವೆ ಕಂಟ್ರೋಲ್ ವೈರುಗಳೆಲ್ಲ ಸೇರಿ ಒಂದೇ ಮೆದು ಕೇಬಲ್, ಅದರ ತುದಿಗೆ ಒಂದೇ ಬಹುಪಿನ್ ಪ್ಲಗ್. ಬ್ರೇಕರ್ ಪೂರ್ತಿ ಒಳಗೆ, ಸರ್ವಿಸ್ ಸ್ಥಾನದಲ್ಲಿದ್ದಾಗ ಪ್ಲಗ್ ಕೀಳಲು ಬಾರದು. ಪ್ಲಗ್ ಹಾಕದೆ ಟ್ರಾಲಿಯನ್ನು ಸರ್ವಿಸಿಗೆ ತಳ್ಳಲೂ ಬಾರದು. ಮರೆವಿಗೆ ಅಲ್ಲಿ ಜಾಗವಿಲ್ಲ. ಕರೆಂಟ್ ಟ್ರಾನ್ಸ್‌ಫಾರ್ಮರನ್ನು (ಸಿ.ಟಿ.) ಸ್ಥಿರ ಭಾಗದಲ್ಲಿಯೇ ಇಟ್ಟಿರುತ್ತಾರೆ. ಅದರ ಸೆಕೆಂಡರಿ ವೈರು ಲೋಡಿನಲ್ಲಿ ತುಂಡಾದರೆ ತುದಿಗಳ ನಡುವೆ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಏಳುತ್ತದೆ, ಆದ್ದರಿಂದ ಆ ವೈರನ್ನು ಚಲಿಸುವ ಕೇಬಲ್ಲಿನೊಳಗೆ ಕಳಿಸುವುದೇ ಇಲ್ಲ. ಗಿರಣಿಯ ಪ್ಯಾನೆಲ್ಲಿನಲ್ಲಿ ಡ್ರಾಯರಿನ ಬಾಗಿಲಿನ ಆಮ್ಮೀಟರಿಗೆ ಸಿ.ಟಿ. ವೈರನ್ನು ಸಡಿಲವಾಗಿ ಎಳೆದಿರುವುದನ್ನು ಕಂಡಾಗ ನನಗೆ ನೆನಪಾಗುವುದು ಈ ವ್ಯತ್ಯಾಸ. ಸಬ್‌ಸ್ಟೇಷನ್ ಮಾದರಿಗೂ ನಿರ್ವಹಣೆಯ ದೋಷಗಳಿವೆ. ಕಿತ್ತ ಪ್ಲಗ್ಗನ್ನು ಅದರ ಗೂಡಿನಲ್ಲಿಡದೆ ನೆಲಕ್ಕೆ ಬಿಟ್ಟರೆ ಟ್ರಾಲಿಯ ಗಾಲಿ ಅದರ ಮೇಲೆಯೇ ಹಾಯುತ್ತದೆ. ಆದರೂ ವಿನ್ಯಾಸ ದೃಢವಾದದ್ದು.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಮಾತನ್ನು ಇಲ್ಲಿ ತರಲೇಬೇಕು. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿಯಾಗಿ ಶುರುವಾಗಿ ಇಂದು ರಾಜ್ಯ ಸರ್ಕಾರದ ಕೈಯಲ್ಲಿರುವ ಈ ಗಣಿ ಜಿಲ್ಲೆಯ ದೊಡ್ಡ ಕೈಗಾರಿಕಾ ಶಾಲೆಯೂ ಹೌದು. ಗಣಿಗಳಲ್ಲಿ ಯಂತ್ರದ ಬೆನ್ನಹಿಂದೆ ಕೇಬಲ್ ಓಡಾಡುತ್ತದೆಂದು ಕಾನೂನು ಮೊದಲೇ ಒಪ್ಪಿಕೊಂಡಿದೆ. ಆದ್ದರಿಂದ ಅಲ್ಲಿ ಮೆದು ಕೇಬಲ್ಲಿಗೆ ಬೇರೆಯೇ ನಿಯಮ: ಭೂಗರ್ಭದಲ್ಲಿ ಬಳಸುವುದನ್ನು ಯಂತ್ರ ನಡೆಸುವವನು ಪಾಳಿಗೊಮ್ಮೆ ಪರೀಕ್ಷಿಸಬೇಕು. ಅದೇ ತಾಲ್ಲೂಕಿನಲ್ಲಿ, ಭೂಮಿಯ ಮೇಲೆ, ಡ್ರಾಯರಿನ ಹಿಂದಿನ ಕೇಬಲ್ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇರುತ್ತದೆ. ಪಾಳಿಗೊಮ್ಮೆ ಬೇಡ. ಹಂಗಾಮು ಶುರುವಾಗುವ ಮುನ್ನ ಒಮ್ಮೆ, ಪವರ್ ಕಡಿದು, ಪ್ರತಿ ಡ್ರಾಯರನ್ನೂ ಎಳೆದು ವೈರನ್ನು ಬೆರಳಿನಿಂದ ಸವರಿ ನೋಡುವ ಪದ್ಧತಿಯನ್ನಾದರೂ ಗಿರಣಿಗಳು ಗಣಿಯಿಂದ ಕಲಿಯಬೇಕಿತ್ತು.

ಎಳೆದು ತಳ್ಳುವ ಕೇಬಲ್ ಗಿರಣಿಯಲ್ಲಷ್ಟೇ ಇಲ್ಲ. ಮಸ್ಕಿ ತಾಲ್ಲೂಕಾದ ಮೇಲೆ ಕಚೇರಿ, ಬ್ಯಾಂಕುಗಳ ಜೊತೆ ಕಂಪ್ಯೂಟರ್ ರ‍್ಯಾಕ್‌ಗಳೂ ಹೆಚ್ಚುತ್ತಿವೆ. ಹಳಿಯ ಮೇಲೆ ಜಾರುವ ಸರ್ವರಿಗೆ ಹಿಂದುಗಡೆ ಮಡಚುವ ಕೀಲುತೋಳೊಂದು ಬರುತ್ತದೆ, ಕೇಬಲ್ಲುಗಳೆಲ್ಲ ಅದರ ಮೇಲೆ ಮಲಗುತ್ತವೆ. ಸಣ್ಣ ಕಚೇರಿಗೆ ಈ ತೋಳು ಬೇಡ ಎಂಬುದು ನನ್ನ ಅಭಿಪ್ರಾಯ. ಅದು ಬಿಸಿಗಾಳಿ ಹೊರಹೋಗುವ ದಾರಿಗೇ ಅಡ್ಡ ನಿಲ್ಲುತ್ತದೆ, ನಮ್ಮ ಸೆಕೆಯಲ್ಲಿ ಇದು ಸಣ್ಣ ದೋಷವಲ್ಲ. ಓಡುತ್ತಿರುವಾಗಲೇ ಹೊರಗೆಳೆದು ಫ್ಯಾನ್ ಬದಲಿಸುವ ಯಂತ್ರಕ್ಕೆ ಅದು ಸಾರ್ಥಕ. ಹೇಗೂ ಆರಿಸಿಯೇ ಎಳೆಯುವುದಾದರೆ ಎರಡೂ ತುದಿಗೆ ಹೆಸರು ಬರೆದ ಕೇಬಲ್, ಬದಿಯಲ್ಲಿ ಒಂದು ಸಡಿಲ ಸುರುಳಿ, ವೆಲ್ಕ್ರೋ ಪಟ್ಟಿ ಸಾಕು. ನೆಟ್‌ವರ್ಕ್ ಕೇಬಲ್ಲನ್ನು ನೈಲಾನ್ ಟೈಯಿಂದ ಹಿಂಡಿದರೆ ಒಳಗಿನ ಜೋಡಿ ತಂತಿಗಳ ಹೊಸೆತ ಕೆಟ್ಟು ವೇಗ ಕುಸಿಯುತ್ತದೆ. ಪ್ಯಾನೆಲ್ ಕೆಲಸದ ಕೈ ರ‍್ಯಾಕಿಗೆ ಬಂದಾಗ ಮೊದಲು ಮರೆಯಬೇಕಾದ ಅಭ್ಯಾಸ ಅದು.

ತಪ್ಪನ್ನು ವೈರ್‌ಮನ್‌ಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೊಳ್ಳುವವರು ಕೇಳಿದ್ದನ್ನು ಅವರು ಕೊಡುತ್ತಾರೆ, ಕೊಳ್ಳುವವರು ಅಂದವನ್ನು ಕೇಳುತ್ತಿದ್ದಾರೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಯ ಮೇಲಿವೆ, ಕೆಲಸ ಬಲ್ಲ ಕೈಗಳಿಗೆ ಇಲ್ಲಿ ಬರವಿಲ್ಲ. ಖರೀದಿ ಆದೇಶದಲ್ಲಿ ನಾಲ್ಕು ಸಾಲು ಸೇರಿಸಿದರೆ ಸಾಕು: ಚಲಿಸುವ ಭಾಗಕ್ಕೆ ಬಹು ಎಳೆಯ ಮೆದು ವೈರು, ಎರಡೂ ತುದಿಗೆ ಕ್ಲ್ಯಾಂಪ್, ಸಿ.ಟಿ. ವೈರು ಡ್ರಾಯರಿಗೆ ಬಾರದಿರುವುದು, ಬಿಲ್ ಕೊಡುವ ಮುನ್ನ ಮಾಲೀಕನ ಎದುರಿಗೆ ಪ್ರತಿ ಡ್ರಾಯರನ್ನೂ ಕೊನೆಯವರೆಗೆ ಎಳೆದು ತಳ್ಳಿ ತೋರಿಸುವುದು. ಇದಕ್ಕೆ ತಗಲುವ ಖರ್ಚು ಡ್ರಾಯರಿಗೆ ಒಂದೆರಡು ಮೀಟರ್ ವೈರಿನದು, ಜೊತೆಗೆ ಒಂದು ಮಧ್ಯಾಹ್ನದ ಕೆಲಸ.