ಸಮತಲದಲ್ಲಿ ಆಳ: ದ್ವಿಮಾನ ವಿಡಿಯೋ ಆಟಗಳ ಪರಿಪ್ರೇಕ್ಷ್ಯ

ವಿಡಿಯೋ ಆಟಗಳ ಇತಿಹಾಸವನ್ನು ಎರಡು ಆಯಾಮಗಳಿಂದ ಮೂರು ಆಯಾಮಗಳತ್ತ ಸಾಗಿದ ಪ್ರಗತಿಯ ಕಥನವಾಗಿ ನಿರೂಪಿಸುವುದು ರೂಢಿ. ಈ ಕಥನದಲ್ಲಿ 1980ರ ದಶಕದ ಆಟಗಳು ಯಂತ್ರದ ಮಿತಿಯಿಂದ ಅಪೂರ್ಣವಾಗಿ ಉಳಿದ ಪ್ರಯತ್ನಗಳಾಗಿ ಮಾತ್ರ ಕಾಣುತ್ತವೆ. ಆದರೆ ಸಮತಲವಾದ ಪರದೆಯ ಮೇಲೆ ಆಳವನ್ನು ಸೂಚಿಸುವ ಪ್ರತಿಯೊಂದು ವಿಧಾನವೂ ಆಟಗಾರನು ಏನನ್ನು ತಿಳಿಯಬಲ್ಲನು, ಏನನ್ನು ಮಾಡಬಲ್ಲನು ಎಂಬುದನ್ನು ನಿರ್ಧರಿಸುತ್ತದೆ. ಕಣ್ಣಿಗೆ ಎಷ್ಟು ನಿಜವೆನಿಸುತ್ತದೆ ಎಂಬ ಒಂದೇ ಮಾನದಂಡ ಇಲ್ಲಿ ಸಾಲದು.

ಜಪಾನಿನ ಐರೆಮ್ ಸಂಸ್ಥೆಯ 'ಮೂನ್ ಪೆಟ್ರೋಲ್' (1982) ಹಿನ್ನೆಲೆಯನ್ನು ಪದರಗಳಾಗಿ ವಿಂಗಡಿಸಿತು. ದೂರದ ಬೆಟ್ಟಗಳು ನಿಧಾನವಾಗಿ, ಹತ್ತಿರದ ನೆಲ ವೇಗವಾಗಿ ಸರಿಯುವುದರಿಂದ ಆಳದ ಭ್ರಮೆ ಹುಟ್ಟುತ್ತದೆ. ಆದರೆ ಆಟಗಾರನ ವಾಹನ ಆ ಬೆಟ್ಟಗಳತ್ತ ತಿರುಗಲಾರದು. ಇಲ್ಲಿ ಆಳವಿರುವುದು ನೋಟಕ್ಕೆ ಮಾತ್ರ. ಅದೇ ವರ್ಷ ಬಂದ ಸೆಗಾ ಸಂಸ್ಥೆಯ 'ಜಾಕ್ಸನ್' ಆಳವನ್ನು ಕ್ರಿಯೆಯ ಅಂಗವಾಗಿಸಿತು. ಓರೆಯಾದ ಸಮಾಂತರ ಪ್ರಕ್ಷೇಪದಲ್ಲಿ ದೂರ ಹೆಚ್ಚಿದರೂ ವಸ್ತುವಿನ ಗಾತ್ರ ಕುಗ್ಗುವುದಿಲ್ಲ. ಹಾಗಾಗಿ ವಿಮಾನ ಮೇಲೇರಿದೆಯೋ ಪಕ್ಕಕ್ಕೆ ಸರಿದಿದೆಯೋ ಎಂಬ ಗೊಂದಲ ಸಹಜ. ಇದನ್ನು ನೀಗಲು ನೆಲದ ಮೇಲೆ ವಿಮಾನದ ನೆರಳನ್ನೂ ಪರದೆಯ ಅಂಚಿನಲ್ಲಿ ಎತ್ತರದ ಮಾಪಕವನ್ನೂ ಇರಿಸಲಾಯಿತು. ಚಿತ್ರ ಹೇಳಲಾರದ್ದನ್ನು ಮಾಪಕ ಹೇಳಬೇಕಾಯಿತು ಎಂಬುದು ದೋಷವೇ ಸರಿ.

1990ರಲ್ಲಿ ನಿಂಟೆಂಡೊ ಹೊರತಂದ ಸೂಪರ್ ಫ್ಯಾಮಿಕಾಮ್ ಯಂತ್ರದ 'ಮೋಡ್ 7' ಒಂದು ಹಿನ್ನೆಲೆಯ ಪದರವನ್ನು ತಿರುಗಿಸಬಲ್ಲದಾಗಿತ್ತು, ಹಿಗ್ಗಿಸಿ ಕುಗ್ಗಿಸಬಲ್ಲದಾಗಿತ್ತು. ಪರದೆಯ ಸಾಲು ಸಾಲಿಗೂ ಪ್ರಮಾಣವನ್ನು ಬದಲಿಸಿದಾಗ ಆ ಪದರವು ದಿಗಂತದತ್ತ ಹಾಸಿದ ನೆಲದಂತೆ ತೋರುತ್ತದೆ. ಇಟಲಿಯ ಆಲ್ಬರ್ಟಿ 1435ರಲ್ಲಿ ಚಿತ್ರಕಲೆಗಾಗಿ ವಿವರಿಸಿದ ರೇಖಾ ಪರಿಪ್ರೇಕ್ಷ್ಯವನ್ನು 'ಎಫ್-ಜೀರೋ' ಆಟದ ರಸ್ತೆಯಲ್ಲಿ ಕಾಣಬಹುದು. ಆದರೆ ಇಡೀ ಲೋಕ ಒಂದೇ ಹಾಳೆಯಾದ್ದರಿಂದ ಅಲ್ಲಿ ದಿಣ್ಣೆಯಿಲ್ಲ, ಇಳಿಜಾರಿಲ್ಲ. ನೋಟದ ನೈಜತೆ ಹೆಚ್ಚಿದರೂ ನೆಲದ ವೈವಿಧ್ಯ ಉಳಿಯಲಿಲ್ಲ.

ಅದೇ ಯಂತ್ರಕ್ಕಾಗಿ 1991ರಲ್ಲಿ ಬಂದ 'ದಿ ಲೆಜೆಂಡ್ ಆಫ್ ಜೆಲ್ಡಾ: ಎ ಲಿಂಕ್ ಟು ದಿ ಪಾಸ್ಟ್' ಬೇರೊಂದು ದಾರಿ ಹಿಡಿಯಿತು. ನೆಲಮಾಳಿಗೆಯ ಕೋಣೆಗಳಲ್ಲಿ ನೆಲ ಮೇಲಿನಿಂದ ಕಾಣುತ್ತದೆ, ನಾಯಕನ ಮುಖ ಎದುರಿನಿಂದ ಕಾಣುತ್ತದೆ, ನಾಲ್ಕು ಗೋಡೆಗಳೂ ಏಕಕಾಲಕ್ಕೆ ಕಾಣುತ್ತವೆ. ಒಂದೆಡೆ ನಿಂತ ಯಾವ ಕಣ್ಣಿಗೂ ಇದು ಸಾಧ್ಯವಿಲ್ಲ. 12ನೆಯ ಶತಮಾನದ ಗೆಂಜಿ ಸುರುಳಿಚಿತ್ರಗಳು ಮನೆಯ ಮಾಡನ್ನು ತೆಗೆದು ಒಳಗಿನ ಬದುಕನ್ನು ತೋರಿಸಿದ್ದನ್ನು ಇದರೊಡನೆ ಹೋಲಿಸಬಹುದು. ನೇರ ಪ್ರಭಾವವನ್ನು ಇಲ್ಲಿ ಪ್ರತಿಪಾದಿಸುತ್ತಿಲ್ಲ. ಎರಡೂ ಎದುರಿಸಿದ ಸಮಸ್ಯೆ ಒಂದೇ ಬಗೆಯದು. ಆಟದಲ್ಲಿ ಇದಕ್ಕೆ ಇನ್ನೊಂದು ಪ್ರಯೋಜನವೂ ಇದೆ: ಕೋಣೆಯ ಯಾವ ಮೂಲೆಯಲ್ಲಿಯೂ ಅಳತೆ ಬದಲಾಗದ ಕಾರಣ ಆಟಗಾರನು ದೂರವನ್ನು ಖಚಿತವಾಗಿ ಅಂದಾಜಿಸಬಲ್ಲನು.

ಲಂಡನ್ನಿನ ಅಸ್‌ಟೂ ಸಂಸ್ಥೆಯ 'ಮಾನ್ಯುಮೆಂಟ್ ವ್ಯಾಲಿ' (2014) ಈ ಚರ್ಚೆಗೆ ಮುಖ್ಯವಾದುದು. ಕಟ್ಟಡದ ಭಾಗವೊಂದನ್ನು ತಿರುಗಿಸಿದಾಗ ದೂರದ ಎರಡು ತುದಿಗಳು ಪರದೆಯ ಮೇಲೆ ಕೂಡಿದಂತೆ ಕಂಡರೆ ಸಾಕು, ರಾಜಕುಮಾರಿ ಅಲ್ಲಿ ನಡೆದು ಹೋಗುತ್ತಾಳೆ. 'ಜಾಕ್ಸನ್'ನಲ್ಲಿ ತೊಡಕಾಗಿದ್ದ ಸಮಾಂತರ ಪ್ರಕ್ಷೇಪದ ಅಸ್ಪಷ್ಟತೆಯೇ ಇಲ್ಲಿ ಆಟದ ನಿಯಮ. ಮೂರು ಆಯಾಮಗಳ ಚಿತ್ರಣ ಸುಲಭವಾದ ಕಾಲದಲ್ಲಿ ಈ ಕೃತಿ ಬಂದಿರುವುದರಿಂದ ಇದನ್ನು ಯಂತ್ರದ ಬಡತನವೆನ್ನಲಾಗದು; ಇದು ಆಯ್ಕೆ. ಹಳೆಯ ಆಟಗಳನ್ನು ಪರಿಶೀಲಿಸುವಾಗಲೂ ಮಿತಿ ಎಲ್ಲಿ ಮುಗಿಯಿತು, ಆಯ್ಕೆ ಎಲ್ಲಿ ಆರಂಭವಾಯಿತು ಎಂಬುದನ್ನು ಕೃತಿ ಕೃತಿಯಾಗಿ ಗುರುತಿಸುವುದು ಅಧ್ಯಯನಕಾರರ ಮುಂದಿರುವ ಕೆಲಸವಾಗಿದೆ.