ತಿರುಚಿನಾಪಳ್ಳಿಯ ವಾಗ್ದಾನ: ಕಳಲೆ ನಂಜರಾಜಯ್ಯನ ದಂಡಯಾತ್ರೆಯನ್ನು ಕುರಿತ ಬರಹಗಳ ವಿಮರ್ಶೆ

ಮೈಸೂರಿನ ಇತಿಹಾಸವನ್ನು ಓದುವ ವಿದ್ಯಾರ್ಥಿಗಳು ಸರ್ವಾಧಿಕಾರಿ ಕರಾಚೂರಿ ನಂಜರಾಜಯ್ಯನ ತಿರುಚಿನಾಪಳ್ಳಿಯ ದಂಡಯಾತ್ರೆಯನ್ನು ಒಂದು ವಂಚನೆಯ ಕಥೆಯೆಂದೇ ತಿಳಿಯುತ್ತಾರೆ. ನವಾಬ ಮಹಮ್ಮದಾಲಿಯು ಕೋಟೆಯನ್ನು ಕೊಡುವೆನೆಂದು ಮಾತುಕೊಟ್ಟು ಮೈಸೂರಿನ ಸೇನೆಯನ್ನು ಕರೆಸಿಕೊಂಡನು. ಕಾರ್ಯವಾದ ಮೇಲೆ ಮಾತಿಗೆ ತಪ್ಪಿದನು. ಆಂಗ್ಲರು ಅವನ ಬೆನ್ನಿಗೆ ನಿಂತರು. ಮೈಸೂರಿನ ಬೊಕ್ಕಸ ಬರಿದಾಯಿತು. ಜ್ಞಾನಭಾರತಿಯ ತರಗತಿಗಳಲ್ಲಿ ನಾವು ಕೇಳಿರುವುದೂ ಉತ್ತರಪತ್ರಿಕೆಗಳಲ್ಲಿ ಕಂಡಿರುವುದೂ ಇದೇ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ನವಾಬನು ಪ್ರಾಮಾಣಿಕನಾಗಿದ್ದಿದ್ದರೆ ಮೈಸೂರಿನ ಕೈ ಮೇಲಾಗುತ್ತಿತ್ತೆಂಬ ಭಾವನೆಯೊಂದು ಈ ಕಥನದೊಳಗೆ ಅಡಗಿದೆ. ಆ ಭಾವನೆಯನ್ನು ನಾವು ಒಪ್ಪಲಾರೆವು. ಅದು ಎಲ್ಲಿಂದ ಹುಟ್ಟಿತು, ಯಾವ ಬರಹಗಳು ಅದನ್ನು ಪೋಷಿಸಿದುವು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪೂರ್ವಕಥೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1748ರಲ್ಲಿ ನಿಜಾಮ ಆಸಫ್ ಜಾಹನು ತೀರಿಕೊಂಡನು. ಹೈದರಾಬಾದಿನ ಗಾದಿಗಾಗಿ ಅವನ ಮಗನಿಗೂ ಮಗಳ ಮಗನಿಗೂ ಕಲಹವೆದ್ದಿತು. ಅದರ ಬೆನ್ನಿಗೇ ಆರ್ಕಾಟಿನ ನವಾಬಗಿರಿಗಾಗಿ ಇನ್ನೊಂದು ಕಲಹ. 1749ರ ಆಗಸ್ಟಿನಲ್ಲಿ ಆಂಬೂರಿನ ಕಾಳಗದಲ್ಲಿ ನವಾಬ ಅನ್ವರುದ್ದೀನನು ಮಡಿದನು. ಅವನ ಮಗ ಮಹಮ್ಮದಾಲಿಯು ತಿರುಚಿನಾಪಳ್ಳಿಯ ಕೋಟೆಯನ್ನು ಸೇರಿಕೊಂಡನು. ಪ್ರತಿಸ್ಪರ್ಧಿಯಾದ ಚಂದಾ ಸಾಹೇಬನು ಅವನನ್ನು ಮುತ್ತಿದನು. ಚಂದಾ ಸಾಹೇಬನ ಹಿಂದೆ ಪುದುಚೇರಿಯ ಡ್ಯೂಪ್ಲೆ. ಮಹಮ್ಮದಾಲಿಯ ಹಿಂದೆ ಆಂಗ್ಲ ಕಂಪೆನಿ.

ಹಣವೂ ಸೇನೆಯೂ ಸಾಲದೆ ಬಂದಾಗ ಮಹಮ್ಮದಾಲಿಯು ಶ್ರೀರಂಗಪಟ್ಟಣಕ್ಕೆ ದೂತರನ್ನು ಕಳುಹಿಸಿದನು. ಅವನು ಮುಂದೊಡ್ಡಿದ ಬೆಲೆ ಅಲ್ಪವಾದುದಲ್ಲ: ತಿರುಚಿನಾಪಳ್ಳಿಯೂ ಅದಕ್ಕೆ ಸೇರಿದ ಸೀಮೆಯೂ ಕನ್ಯಾಕುಮಾರಿಯವರೆಗೆ ಮೈಸೂರಿಗೆ. ಇಮ್ಮಡಿ ಕೃಷ್ಣರಾಜ ಒಡೆಯರು ಆಗ ಹೆಸರಿಗೆ ಮಾತ್ರ ಅರಸರು; ಅಧಿಕಾರವೆಲ್ಲ ಕಳಲೆಯ ಸೋದರರಾದ ದಳವಾಯಿ ದೇವರಾಜಯ್ಯ ಮತ್ತು ನಂಜರಾಜಯ್ಯರದು. ಹಿರಿಯನಾದ ದೇವರಾಜಯ್ಯನಿಗೆ ಈ ಸಾಹಸವು ಹಿಡಿಸಲಿಲ್ಲ. ಕಿರಿಯನು ಕೇಳಲಿಲ್ಲ. 1752ರ ಆರಂಭದಲ್ಲಿ, ಗುತ್ತಿಯ ಮುರಾರಿರಾವ್ ಘೋರ್ಪಡೆಯ ಕೂಲಿಕುದುರೆಗಳೂ ಸೇರಿ ಸುಮಾರು 20,000 ಜನರ ಸೈನ್ಯವು ಘಟ್ಟವಿಳಿದು ಕಾವೇರಿಯ ಬಯಲನ್ನು ಸೇರಿತು. ಕೆಲವೇ ತಿಂಗಳಲ್ಲಿ ಮುತ್ತಿಗೆ ತಿರುವುಮುರುವಾಯಿತು. ಜೂನಿನಲ್ಲಿ ಶ್ರೀರಂಗದಲ್ಲಿದ್ದ ಫ್ರೆಂಚ್ ಪಡೆ ಶರಣಾಯಿತು. ತಂಜಾವೂರಿನ ಸೇನಾನಿಯ ಕೈಗೆ ಸಿಕ್ಕಿದ ಚಂದಾ ಸಾಹೇಬನ ತಲೆ ಉರುಳಿತು. ನಂಜರಾಜಯ್ಯನು ತನ್ನ ಬೆಲೆಯನ್ನು ಕೇಳಿದನು.

ಆಗ ಮಹಮ್ಮದಾಲಿಯು ಕೊಟ್ಟ ಉತ್ತರವನ್ನು ಇತಿಹಾಸಕಾರರು ಕೇವಲ ನೆವವೆಂದು ತಳ್ಳಿಬಿಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇಡೀ ಪ್ರಸಂಗದ ಕೀಲಿಕೈ ಅದೇ. ತಿರುಚಿನಾಪಳ್ಳಿಯು ದಿಲ್ಲಿಯ ಬಾದಶಹನ ಸೊತ್ತು. ತಾನು ಅವನ ಕೈಕೆಳಗಿನ ಅಧಿಕಾರಿ ಮಾತ್ರ. ಅದನ್ನು ಪರರಿಗೆ ಕೊಟ್ಟರೆ ತನಗೂ ಆಂಗ್ಲರಿಗೂ ಮೊಗಲರ ವೈರವೇ ಗತಿಯಾದೀತು. ಕಷ್ಟಕಾಲದಲ್ಲಿ ಬಲಾತ್ಕಾರವಾಗಿ ಪಡೆದ ಮಾತಿಗೆ ಬೆಲೆಯಿಲ್ಲ. ಇದು ಕಪಟವೆಂಬುದರಲ್ಲಿ ಸಂದೇಹವಿಲ್ಲ. ಮಾತು ಕೊಡುವಾಗ ಬಾದಶಹನು ಅವನಿಗೆ ನೆನಪಾಗಿರಲಿಲ್ಲ. ಆದರೆ ಕಪಟದ ಮಾತಿನಲ್ಲಿಯೂ ಒಂದು ಸತ್ಯ ಹೊರಬಿದ್ದಿತು: ಕೋಟೆಯು ಅವನದಾಗಿರಲಿಲ್ಲ. ಅವನು ಹೆಸರಿಸಿದ ಬಾದಶಹನದೂ ಆಗಿರಲಿಲ್ಲ. ಕೋಟೆಯ ಕಾವಲಿನಲ್ಲಿ ಕ್ಯಾಪ್ಟನ್ ಡಾಲ್ಟನ್ ಎಂಬ ಆಂಗ್ಲ ಅಧಿಕಾರಿಯಿದ್ದನು. ಮೈಸೂರಿನ 700 ಸಿಪಾಯಿಗಳನ್ನು ಒಳಕ್ಕೆ ಬಿಟ್ಟುಕೊಂಡದ್ದೂ, ಕೆಲವು ತಿಂಗಳ ತರುವಾಯ ಅವರನ್ನು ಹೊರಗೆ ಹಾಕಿದ್ದೂ ಅವನ ಸಮ್ಮತಿಯಿಂದಲೇ. ವಾಗ್ದಾನದ ಸಂಗತಿ ತಮಗೆ ಮೊದಲು ತಿಳಿದೇ ಇರಲಿಲ್ಲವೆಂದು ಆಂಗ್ಲರು ಹೇಳಿಕೊಂಡರು. ಅದು ನಿಜವಾಗಿದ್ದರೆ ಮೈಸೂರಿನ ಸ್ಥಿತಿ ಇನ್ನಷ್ಟು ಶೋಚನೀಯ. ಕೋಟೆಯನ್ನು ಹಿಡಿದಿರುವವನನ್ನು ಬಿಟ್ಟು, ಅವನ ಆಶ್ರಯದಲ್ಲಿರುವವನಿಂದ ಕ್ರಯಪತ್ರ ಬರೆಸಿಕೊಂಡಂತಾಯಿತು.

ಈ ವಿಷಯವನ್ನು ಬರೆದ ವಿದ್ವಾಂಸರಲ್ಲಿ ಮೊದಲಿಗನು ಓರ್ಮ್. ಅವನ ಗ್ರಂಥದ ಮೊದಲ ಸಂಪುಟ 1763ರಲ್ಲಿ ಪ್ರಕಟವಾಯಿತು. 1754ರಿಂದ ಮದರಾಸಿನ ಕೌನ್ಸಿಲಿನಲ್ಲಿ ಕುಳಿತಿದ್ದವನಾದ್ದರಿಂದ ಅವನಿಗೆ ಕಾಗದಪತ್ರಗಳ ಪರಿಚಯ ಚೆನ್ನಾಗಿತ್ತು. ಪಕ್ಷಪಾತವೂ ಅಷ್ಟೇ ಸಹಜ. ನಂಜರಾಜಯ್ಯನು ಲಂಚಕೊಟ್ಟು ಕೋಟೆಯನ್ನು ಒಳಗಿನಿಂದ ಹಿಡಿಯಲು ಮಾಡಿದ ಯತ್ನಗಳನ್ನು ಅವನು ಸವಿಸ್ತಾರವಾಗಿ ವರ್ಣಿಸುತ್ತಾನೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಬರೆದ ವಿಲ್ಕ್ಸನು ನವಾಬನ ಅಪ್ರಾಮಾಣಿಕತೆಯನ್ನು ಮರೆಮಾಚುವುದಿಲ್ಲ. ಈ ನಿಷ್ಪಕ್ಷಪಾತಕ್ಕೆ ನಾವು ಅವನಿಗೆ ಋಣಿಗಳು. ನಮ್ಮವರೇ ಆದ ಹಯವದನರಾಯರು 1940ರ ದಶಕದಲ್ಲಿ ಹೊರತಂದ ಮೂರು ಸಂಪುಟಗಳ ಮೈಸೂರು ಚರಿತ್ರೆಯಲ್ಲಿ ರಾಜ್ಯದ ಹಕ್ಕನ್ನು ಅಪಾರ ಶ್ರಮದಿಂದ ಪ್ರತಿಪಾದಿಸುತ್ತಾರೆ. ಅವರ ಪರಿಶ್ರಮಕ್ಕೆ ಎಣೆಯಿಲ್ಲ. ಆದರೆ ಮೂವರೂ ಸೇರಿ ಈ ಯುದ್ಧವನ್ನು ಒಂದು ವ್ಯಾಜ್ಯವನ್ನಾಗಿ ಮಾಡಿದ್ದಾರೆ. ಯಾರು ಮಾತಿಗೆ ತಪ್ಪಿದರು, ಯಾರು ಮೊದಲು ಸಂಚು ಹೂಡಿದರು, ಖರ್ಚನ್ನು ಯಾರು ತೆರಬೇಕಿತ್ತು: ವಾದಿ, ಪ್ರತಿವಾದಿ, ಸಾಕ್ಷಿ. ಆ ಮಾತನ್ನು ನಡೆಸಿಕೊಡುವ ಶಕ್ತಿ ಕೊಟ್ಟವನಿಗೆ ಇತ್ತೇ ಎಂಬ ಪ್ರಶ್ನೆಗೆ ಈ ನ್ಯಾಯಾಲಯದಲ್ಲಿ ಎಡೆಯಿಲ್ಲ.

ನಂಜರಾಜಯ್ಯನು ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಹೋದದ್ದು ಮೌಢ್ಯದಿಂದಲ್ಲ ಎಂದು ಹೇಳಬೇಕಾಗಿದೆ. 1752ರಲ್ಲಿ ಬಯಲಿನಲ್ಲಿ ನಿಂತು ನೋಡಿದವನಿಗೆ ಐರೋಪ್ಯರು ಕಾಣುತ್ತಿದ್ದುದು ನೂರುಗಳ ಲೆಕ್ಕದಲ್ಲಿ. ತನ್ನವರು ಸಾವಿರಗಳ ಲೆಕ್ಕದಲ್ಲಿ. ಅಲ್ಲದೆ ಅವರು ತಮ್ಮನ್ನು ಕರೆದುಕೊಂಡದ್ದಾದರೂ ಏನೆಂದು? ನವಾಬರ ಸಹಾಯಕರೆಂದು. ಯೂರೋಪಿನಲ್ಲಿ 1748ರ ಏ-ಲಾ-ಶಪೆಲ್ ಒಪ್ಪಂದದಿಂದ ಎರಡು ರಾಷ್ಟ್ರಗಳಿಗೂ ಶಾಂತಿಯಾಗಿತ್ತು. ಇಲ್ಲಿ ನೇರವಾಗಿ ಯುದ್ಧ ಸಾರುವಂತಿರಲಿಲ್ಲ. ಆದ್ದರಿಂದ ಪ್ರತಿಯೊಬ್ಬನೂ ಒಬ್ಬೊಬ್ಬ ನವಾಬನನ್ನು ಮುಂದಿಟ್ಟುಕೊಂಡು ಅವನ ನೆರಳಿನಲ್ಲಿ ಕಾದಾಡಿದನು. ನೆರಳು ಯಾವುದು, ವಸ್ತು ಯಾವುದು ಎಂಬುದು ಶ್ರೀರಂಗಪಟ್ಟಣಕ್ಕೆ ತಿಳಿಯುವ ಹೊತ್ತಿಗೆ ಸೈನ್ಯವು ಕಾವೇರಿಯ ಬಯಲಿನಲ್ಲಿ ಸಿಕ್ಕಿಕೊಂಡಿತ್ತು. ಒಂದು ದೇಶದ ಅಂತರ್ಯುದ್ಧದೊಳಕ್ಕೆ ಮಹಾಶಕ್ತಿಗಳು ಸಹಾಯದ ಹೆಸರಿನಲ್ಲಿ ಪ್ರವೇಶಿಸುವ ಈ ಪದ್ಧತಿ ಹದಿನೆಂಟನೆಯ ಶತಮಾನಕ್ಕೆ ಮುಗಿಯಲಿಲ್ಲ. 2011ರಲ್ಲಿ ಆರಂಭವಾದ ಸಿರಿಯಾದ ಅಂತರ್ಯುದ್ಧದಲ್ಲಿ 2015ರ ಸೆಪ್ಟೆಂಬರಿನಿಂದ ರಷ್ಯದ ವಿಮಾನಗಳು ಅಲ್ಲಿನ ಸರ್ಕಾರದ ಕೋರಿಕೆಯ ಮೇಲೆ ಹಾರಾಡಿದುವು. ಎರಡೇ ತಿಂಗಳಲ್ಲಿ ನೆರೆಯ ತುರ್ಕಿಯು ಅವುಗಳಲ್ಲೊಂದನ್ನು ಹೊಡೆದುರುಳಿಸಿದಾಗ ಇಡೀ ಜಗತ್ತು ಉಸಿರು ಬಿಗಿಹಿಡಿದು ನೋಡಿತು.

ಕಾವೇರಿಯ ತೀರದಲ್ಲಿಯೂ ಯುದ್ಧವು ಇದೇ ರೀತಿ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಕೋಟೆ ಸಿಕ್ಕದೆಂದು ಖಚಿತವಾದಾಗ ನಂಜರಾಜಯ್ಯನು ಪಕ್ಷವನ್ನು ಬದಲಿಸಿ ಫ್ರೆಂಚರೊಡನೆ ಸೇರಿದನು. 1753ರ ನವೆಂಬರಿನ ಒಂದು ರಾತ್ರಿ ಫ್ರೆಂಚರು ಕೋಟೆಗೆ ಏಣಿಹಾಕಿ ವಿಫಲರಾದರು. ಒಬ್ಬನು ಬಲವನ್ನು ಹೆಚ್ಚಿಸಿದರೆ ಇನ್ನೊಬ್ಬನೂ ಹೆಚ್ಚಿಸಿದನು. 1754ರಲ್ಲಿ ಇಂಗ್ಲೆಂಡಿನಿಂದ ವಾಟ್ಸನ್ನನ ನೌಕಾಪಡೆಯೂ ಕರ್ನಲ್ ಆಡ್ಲರ್‌ಕ್ರಾನನ 39ನೆಯ ರೆಜಿಮೆಂಟೂ ಬಂದಿಳಿದುವು. ಇಂಗ್ಲೆಂಡಿನ ದೊರೆಯ ಸ್ವಂತ ಕಾಲ್ದಳವೊಂದು ಭಾರತದ ನೆಲದಲ್ಲಿ ಸೇವೆಗೆ ನಿಂತದ್ದು ಅದೇ ಮೊದಲು. ವರ್ತಕರ ಜಗಳವು ಕಿರೀಟಗಳ ಜಗಳವಾಯಿತು. ಅದೇ ವರ್ಷ ಪ್ಯಾರಿಸ್ಸಿನವರು ಖರ್ಚಿಗೆ ಬೇಸತ್ತು ಡ್ಯೂಪ್ಲೆಯನ್ನು ಹಿಂದಕ್ಕೆ ಕರೆಸಿಕೊಂಡರು. ಅವನ ಸ್ಥಾನಕ್ಕೆ ಬಂದ ಗೊಡ್ಹ್ಯೂ ಅಕ್ಟೋಬರಿನಲ್ಲಿ ಆಂಗ್ಲರೊಡನೆ ಕದನವಿರಾಮ ಮಾಡಿಕೊಂಡನು. ಎರಡೂವರೆ ವರ್ಷ ಆ ಬಯಲಿನಲ್ಲಿ ಬೀಡುಬಿಟ್ಟಿದ್ದ ಮೈಸೂರನ್ನು ಆ ಮಾತುಕತೆಯಲ್ಲಿ ಯಾರೂ ಒಂದು ಪಕ್ಷವೆಂದು ಎಣಿಸಲಿಲ್ಲ. ತನ್ನ ಒಪ್ಪಂದ ನವಾಬನೊಡನೆಯೇ ಹೊರತು ಕಂಪೆನಿಗಳೊಡನೆಯಲ್ಲ, ಕೋಟೆಯನ್ನು ಪಡೆಯದೆ ತಾನು ಕದಲೆನು ಎಂದು ನಂಜರಾಜಯ್ಯನು ಅಲ್ಲಿಯೇ ಉಳಿದನು. ಈ ಹಟದಲ್ಲಿ ನಮಗೆ ಒಂದು ಬಗೆಯ ಕರುಣೆಯುಂಟಾಗುತ್ತದೆ.

1755ರ ವಸಂತದಲ್ಲಿ ಅವನು ಮರಳಲೇಬೇಕಾಯಿತು. ಸಲಾಬತ್ ಜಂಗನು ಕಪ್ಪದ ಬಾಕಿಯೆಂದು ಶ್ರೀರಂಗಪಟ್ಟಣದ ಮೇಲೆ ಏರಿಬಂದಿದ್ದನು. ಅವನ ಸೇನೆಯ ಮುಂಭಾಗದಲ್ಲಿದ್ದವನು ಫ್ರೆಂಚ್ ಸೇನಾನಿ ಬುಸ್ಸಿ. ನಂಜರಾಜಯ್ಯನು ಯಾವ ಫ್ರೆಂಚರಿಗಾಗಿ ತಿರುಚಿನಾಪಳ್ಳಿಯಲ್ಲಿ ಹಣ ಸುರಿದಿದ್ದನೋ ಅದೇ ಫ್ರೆಂಚರ ತೋಪುಗಳು ಅವನ ರಾಜಧಾನಿಯ ಮುಂದೆ ನಿಂತುವು. ಫ್ರೆಂಚರ ದೃಷ್ಟಿಯಲ್ಲಿ ಇದರಲ್ಲಿ ವಿರೋಧವೇ ಇರಲಿಲ್ಲ: ದಕ್ಷಿಣದಲ್ಲಿ ಮೈಸೂರು ಉಪಯುಕ್ತ, ಉತ್ತರದಲ್ಲಿ ನಿಜಾಮನು ಅದಕ್ಕಿಂತ ಉಪಯುಕ್ತ. ದೇವರಾಜಯ್ಯನು ಒಪ್ಪಿಕೊಂಡ ಮೊತ್ತ 56 ಲಕ್ಷ ರೂಪಾಯಿ. ಅದನ್ನು ಕೂಡಿಸಲು ದೇವಾಲಯಗಳ ಬೆಳ್ಳಿಬಂಗಾರಗಳನ್ನೂ ಅರಮನೆಯ ಒಡವೆಗಳನ್ನೂ ತೆಗೆಯಬೇಕಾಯಿತು. ಅಷ್ಟಾದರೂ ಸಾಲದೆ ಉಳಿದುದಕ್ಕೆ ಒತ್ತೆಯಾಳುಗಳನ್ನು ಕೊಟ್ಟರು.

ಇನ್ನು ಸಾಹಿತ್ಯದ ಮಾತು. ಇದೇ ನಂಜರಾಜಯ್ಯನು ಕನ್ನಡದಲ್ಲಿ ಶಿವಭಕ್ತಿವಿಲಾಸದರ್ಪಣ, ಕಕುದ್ಗಿರಿಮಾಹಾತ್ಮ್ಯ ಮೊದಲಾದ ಗ್ರಂಥಗಳನ್ನು ರಚಿಸಿದ ವಿದ್ವಾಂಸನೆಂಬುದನ್ನೂ ಕವಿಗಳ ಆಶ್ರಯದಾತನೆಂಬುದನ್ನೂ ಚರಿತ್ರಕಾರರು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತಾರೆ. ಅವನ ಆಶ್ರಿತನಾದ ನೃಸಿಂಹಕವಿಯ ಸಂಸ್ಕೃತ ಲಕ್ಷಣಗ್ರಂಥ ನಂಜರಾಜಯಶೋಭೂಷಣವು 1930ರಲ್ಲಿ ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ಅಚ್ಚಾಯಿತು. ವಿದ್ಯಾನಾಥನ ಪ್ರತಾಪರುದ್ರಯಶೋಭೂಷಣದ ಮೇಲ್ಪಂಕ್ತಿಯಲ್ಲಿ ಇದು ನಡೆಯುತ್ತದೆ. ಅಲಂಕಾರಗಳಿಗೂ ನಾಯಕಗುಣಗಳಿಗೂ ಉದಾಹರಣೆಯೆಲ್ಲ ನಂಜರಾಜನೇ. ನಾಟಕಲಕ್ಷಣಕ್ಕಾಗಿ ಅವನನ್ನೇ ನಾಯಕನನ್ನಾಗಿಸಿ ಒಂದು ಪೂರ್ಣ ನಾಟಕವೂ ಇದರಲ್ಲಿ ಅಡಕವಾಗಿದೆ. ಅದರಲ್ಲಿ ಅವನು ಚಂದ್ರಕಲೆಯೆಂಬ ರಾಜಪುತ್ರಿಯನ್ನು ವರಿಸುತ್ತಾನೆ. ವಿದ್ಯಾನಾಥನು ಹೊಗಳಿದ ಕಾಕತೀಯ ಪ್ರತಾಪರುದ್ರನಾದರೂ 1323ರಲ್ಲಿ ದಿಲ್ಲಿಯ ಸೇನೆಗೆ ಸೆರೆಯಾದವನೆಂಬುದು ನೃಸಿಂಹಕವಿಗೆ ತಿಳಿದಿತ್ತೋ ಇಲ್ಲವೋ.

ಲಕ್ಷಣಗ್ರಂಥದಲ್ಲಿ ಚರಿತ್ರೆಯನ್ನು ಹುಡುಕುವುದು ಅನ್ಯಾಯವೆಂದು ಮಿತ್ರರು ಹೇಳಬಹುದು. ಒಪ್ಪಿದೆವು, ಸಂಬಳದ ಬಾಕಿ ಧೀರೋದಾತ್ತ ನಾಯಕನ ಲಕ್ಷಣಗಳಲ್ಲಿ ಸೇರಿಲ್ಲ. ನಾವು ಹುಡುಕುತ್ತಿರುವುದು ಬೇರೆ. ಒಂದು ಆಸ್ಥಾನವು ತನ್ನ ಕಾರ್ಯವನ್ನು ತಾನೇ ಯಾವ ಮಾತುಗಳಲ್ಲಿ ಆಲೋಚಿಸುತ್ತಿತ್ತೆಂಬುದಕ್ಕೆ ಅದರ ಕಾವ್ಯವು ಸಾಕ್ಷಿ. ಯಶೋಭೂಷಣದ ಲೋಕದಲ್ಲಿ ನಾಯಕನಿಗೆ ಶತ್ರುವುಂಟು, ಶರಣಾಗತನುಂಟು, ಸಾಮಂತನುಂಟು. ತನ್ನ ಶರಣಾಗತನೇ ಇನ್ನೊಬ್ಬನ ಕೈಗೊಂಬೆಯಾಗಿರುವ ಪರಿಸ್ಥಿತಿಗೆ ಅಲ್ಲಿ ಹೆಸರಿಲ್ಲ. ಅಭಯವನ್ನು ಬೇಡಿ ಬಂದ ಮಹಮ್ಮದಾಲಿಯು ಆ ಲೋಕದಲ್ಲಿ ಶರಣಾಗತನೇ. ಅವನಿಗೆ ಕೊಟ್ಟ ನೆರವು ಕೀರ್ತಿಯೇ.

ನಮ್ಮ ರಾಜನೀತಿಶಾಸ್ತ್ರದಲ್ಲಿ ಆ ಹೆಸರು ಇಲ್ಲದಿರಲಿಲ್ಲ. ಕೌಟಿಲ್ಯನು ಅರಿ, ವಿಜಿಗೀಷು, ಮಧ್ಯಮರಿಗೆ ಹೊರತಾಗಿ, ಅವರೆಲ್ಲರಿಗಿಂತ ಬಲಿಷ್ಠನಾಗಿ, ಅವರನ್ನು ಒಟ್ಟಾಗಿಯಾಗಲಿ ಬಿಡಿಬಿಡಿಯಾಗಿಯಾಗಲಿ ಎತ್ತಲೂ ತುಳಿಯಲೂ ಸಮರ್ಥನಾದ ಅರಸನನ್ನು ಉದಾಸೀನನೆಂದು ಕರೆದು, ಮಂಡಲದ ಲೆಕ್ಕದಲ್ಲಿ ಅವನನ್ನು ಮರೆಯಬಾರದೆಂದು ವಿಧಿಸಿದ್ದಾನೆ. ಸಮುದ್ರದಾಚೆಯಿಂದ ಬಲ ತರಿಸಬಲ್ಲವನಿಗೆ ಇದಕ್ಕಿಂತ ಸಮೀಪದ ಪದವನ್ನು ನಾವು ಕಾಣೆವು. ಆ ಗ್ರಂಥದ ಓಲೆಪ್ರತಿಯು ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದು, ಆರ್. ಶಾಮಶಾಸ್ತ್ರಿಗಳ ಕೈಯಲ್ಲಿ 1909ರಲ್ಲಿ ಅಚ್ಚಾಗುವ ವೇಳೆಗೆ, ನಂಜರಾಜಯ್ಯನ ದಂಡು ಅದೇ ತಂಜಾವೂರಿನ ನೆರೆಯಿಂದ ಬರಿಗೈಯಲ್ಲಿ ಮರಳಿ ನೂರೈವತ್ತಕ್ಕೂ ಹೆಚ್ಚು ವರ್ಷಗಳಾಗಿದ್ದುವು.

1758ರಲ್ಲಿ ಸಂಬಳ ಸಿಕ್ಕದ ಸೈನಿಕರು ಶ್ರೀರಂಗಪಟ್ಟಣದಲ್ಲಿ ಸರ್ವಾಧಿಕಾರಿಯ ಮನೆಯ ಬಾಗಿಲಲ್ಲಿ ಧರಣಿ ಕುಳಿತು, ಒಳಕ್ಕೆ ಅನ್ನನೀರು ಹೋಗದಂತೆ ತಡೆದರು. ಲೆಕ್ಕಗಳನ್ನು ಪರಿಶೀಲಿಸಿ, ಬಾಕಿಯನ್ನು ತೀರಿಸುವ ಏರ್ಪಾಡು ಮಾಡಿ ಅವರನ್ನು ಎಬ್ಬಿಸಿದವನು ತಿರುಚಿನಾಪಳ್ಳಿಯ ಬಯಲಿನಲ್ಲಿ ಐರೋಪ್ಯರ ಯುದ್ಧಕ್ರಮವನ್ನು ಹತ್ತಿರದಿಂದ ಕಂಡು ಬಂದಿದ್ದ ಹೈದರಾಲಿ. ಬೆಂಗಳೂರಿನ ಕೋಟೆ ಸೀಮೆಗಳು ಅವನಿಗೆ ಜಹಗೀರಾಗಿ ದೊರೆತದ್ದೂ ಸುಮಾರು ಆ ಕಾಲದಲ್ಲಿಯೇ. ಮರುವರ್ಷ ನಂಜರಾಜಯ್ಯನು ಅಧಿಕಾರವನ್ನು ಬಿಟ್ಟನು.