ಎಲೆ ಹೇಳುವುದೆಷ್ಟು?

ಮಲೆನಾಡಿನ ಜಯಪುರದ ಕಡೆಯ ಬೆಳೆಗಾರರಿಗೆ ‘ವ್ಯಾಮ್’ ಹೊಸ ಹೆಸರಲ್ಲ. ಬೇರಿನೊಳಗೆ ಸೇರಿ, ಮಣ್ಣಿನ ರಂಜಕವನ್ನು ಗಿಡಕ್ಕೆ ತಂದುಕೊಟ್ಟು, ಬದಲಿಗೆ ಸಕ್ಕರೆ ಪಡೆಯುವ ಶಿಲೀಂಧ್ರ ಅದು. ಮಲೆನಾಡಿನ ಹುಳಿಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂಗಳು ರಂಜಕವನ್ನು ಬಿಗಿಯಾಗಿ ಹಿಡಿದಿಡುವುದರಿಂದ ಈ ನಂಟಿಗೆ ಇಲ್ಲಿ ಬೆಲೆ ಹೆಚ್ಚು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಭಾಗ್ಯರಾಜ್ ದಶಕಗಳ ಕಾಲ ಇದನ್ನೇ ಅಭ್ಯಾಸ ಮಾಡಿದವರು.

ಚೀಲದಲ್ಲಿ ತಂದು ಬುಡಕ್ಕೆ ಹಾಕಿದ ವ್ಯಾಮ್ ಬೇರಿಗೆ ಹತ್ತಿತೇ ಎಂದು ತಿಳಿಯುವುದೇ ಕಷ್ಟ. ಬುಡ ಬಿಡಿಸಿ ಎಳೆಬೇರು ಕಿತ್ತು, ತೊಳೆದು, ಕ್ಷಾರದಲ್ಲಿ ಬೇಯಿಸಿ, ಟ್ರಿಪಾನ್ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಹುಡುಕಬೇಕು. ಜೀವಕೋಶದೊಳಗೆ ಕವಲೊಡೆದ ಪುಟ್ಟ ಮರದಂಥ ಆಕೃತಿ ಕಂಡರೆ ನಂಟು ಬೆಳೆದಿದೆ ಎಂದರ್ಥ. ಆದರೆ ಹೀಗೆ ಕಿತ್ತು ಕಾಳುಮೆಣಸಿನ ಬಳ್ಳಿಯ ಬೇರಿಗೆ ಮಳೆಗಾಲದಲ್ಲಿ ಗಾಯ ಮಾಡಿದರೆ ಕೊಳೆರೋಗಕ್ಕೆ ಬಾಗಿಲು ತೆರೆದಂತೆ.

2018ರಲ್ಲಿ ಜರ್ಮನಿಯ ಯೆನಾದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಮಿಂಗ್ ವಾಂಗ್, ಇಯಾನ್ ಬಾಲ್ಡ್ವಿನ್ ಮತ್ತು ಸಂಗಡಿಗರು ಬೇರು ಕೀಳದೆಯೇ ನಂಟನ್ನು ತಿಳಿಯಲು ಒಂದು ದಾರಿ ತೋರಿಸಿದರು. ಶಿಲೀಂಧ್ರ ಸೇರಿದ ಬೇರಿನಲ್ಲಿ ತಯಾರಾಗುವ ಬ್ಲೂಮೆನಾಲ್ ವರ್ಗದ ಕೆಲವು ವಸ್ತುಗಳು ಎಲೆಗೂ ಏರುತ್ತವೆ. ಕಾಡುಹೊಗೆಸೊಪ್ಪಿನಲ್ಲಿ ಮೊದಲು ಕಂಡದ್ದು ಟೊಮೆಟೊ, ಗೋಧಿ, ಬಾರ್ಲಿಯಲ್ಲೂ ಸಿಕ್ಕಿತು. ಶಿಲೀಂಧ್ರದ ನಂಟು ಕಟ್ಟಿಕೊಳ್ಳಲಾರದಂತೆ ಮಾರ್ಪಡಿಸಿದ ಗಿಡಗಳನ್ನು ಪಕ್ಕದಲ್ಲೇ ಬೆಳೆಸಿ ಹೋಲಿಸಿದ್ದು ಈ ಕೆಲಸದ ದೊಡ್ಡ ಬಲ. ಗಿಡಕ್ಕೆ ಪೆಟ್ಟಿಲ್ಲ, ನೂರಾರು ಗಿಡಗಳ ಎಲೆಯನ್ನು ಬೇಗ ನೋಡಬಹುದು, ಒಂದೇ ಗಿಡವನ್ನು ಮತ್ತೆ ಮತ್ತೆ ಪರೀಕ್ಷಿಸಬಹುದು. ನನಗೆ ಇದು ಅಪ್ಪಟ ಒಳ್ಳೆಯ ವಿಜ್ಞಾನ.

ಆದರೂ ಎಲೆಯಿಂದ ಎಲ್ಲವನ್ನೂ ಕೇಳಬಾರದು. ಆ ವಸ್ತುಗಳನ್ನು ತಯಾರಿಸುವುದು ಗಿಡವೇ. ಆದ್ದರಿಂದ ಬೇರಿಗೆ ಸೇರಿದ್ದು ಚೀಲದಿಂದ ಬಂದ ಶಿಲೀಂಧ್ರವೋ ಮೊದಲೇ ಮಣ್ಣಿನಲ್ಲಿದ್ದದ್ದೋ ಎಂಬುದು ಅದರಿಂದ ತಿಳಿಯದು. ದರಗು, ಸೊಪ್ಪು ಬಿದ್ದು ಇಂಥ ಶಿಲೀಂಧ್ರ ಮೊದಲೇ ಇರಬಹುದಾದ ನಮ್ಮ ತೋಟಗಳಲ್ಲಿ ಇದೇ ಮುಖ್ಯ ಪ್ರಶ್ನೆ. ನಂಟು ಇದೆ ಅಂದಮಾತ್ರಕ್ಕೆ ಇಳುವರಿ ಏರಿತು ಎಂದೂ ಅಲ್ಲ. ರಂಜಕದ ಗೊಬ್ಬರ ಹೆಚ್ಚು ಸುರಿದಲ್ಲಿ ಗಿಡಕ್ಕೆ ಶಿಲೀಂಧ್ರದ ಅಗತ್ಯವೇ ಕಡಿಮೆ. ಮೇಲಾಗಿ ಎಲೆ ಅರೆದು ಅಳೆಯಲು ದುಬಾರಿ ಯಂತ್ರ ಬೇಕು.

ಹಾಗಾಗಿ ಇದು ತೋಟಕ್ಕಿಂತ ಮೊದಲು ನರ್ಸರಿಗೆ ಬರಬೇಕಾದ ಪರೀಕ್ಷೆ. ಅಲ್ಲಿ ವ್ಯಾಮ್ ಹಾಕಿದ, ಹಾಕದ ಸಸಿಗಳನ್ನು ಜೊತೆಗಿಟ್ಟು ಎಲೆಯನ್ನೂ ಬೆಳವಣಿಗೆಯನ್ನೂ ಅಳೆಯಬಹುದು. 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಪಕ್ಕದ ಬಾಳೆಹೊನ್ನೂರಿನಲ್ಲೇ ಇದೆ. ಕಾಫಿ ಸಸಿಯಿಂದಲೇ ಆ ಕೆಲಸ ಆರಂಭವಾಗಲಿ.